ಮೈಗ್ರೇನ್‌ಗೆ ಬೇಗ ಕೆಲ್ಸ ಮಾಡೋ ಔಷಧಿನ ಟೆಸ್ಟ್ ಮಾಡೋದು ಹೇಗೆ? ನೂರಕ್ಕೆ 24 ಅಂದ್ರೆ ಇಷ್ಟೇನಾ?

ಹಾಸನದ ಟೀಚರ್
ಎಲ್ರಿಗೂ ನಮಸ್ಕಾರ. ನಂಗೆ ಅರೆತಲೆನೋವು ಶುರುವಾಗಿದ್ದು ಪಿಯುಸಿ ಓದೋವಾಗ, ಈಗ ನಂಗೆ 39. ಎಡಗಣ್ಣಿನ ಹಿಂದೆ ಮೊದ್ಲು ಸಣ್ಣಗೆ ಮಿಡಿಯುತ್ತೆ, ಮುಕ್ಕಾಲು ಗಂಟೆಯೊಳಗೆ ಅರ್ಧ ತಲೆ ಪೂರ್ತಿ ಹಿಡ್ಕೊಳ್ಳುತ್ತೆ, ಆಮೇಲೆ ವಾಂತಿ, ಬೆಳಕು ಆಗಲ್ಲ, ಕ್ಲಾಸಲ್ಲಿ ಯಾರಾದ್ರೂ ಬೆಂಚ್ ಎಳೆದ್ರೆ ತಲೆಗೇ ಹೊಡೆದಂಗಾಗುತ್ತೆ. ಮಾತ್ರೆ ನುಂಗಿದ್ರೆ ಒಂದೂವರೆ ಎರಡು ಗಂಟೆ ಕಾಯ್ಬೇಕು, ಎಷ್ಟೋ ಸಲ ಅಷ್ಟರಲ್ಲಿ ಮಾತ್ರೆನೇ ವಾಂತಿಲಿ ಹೋಗಿರುತ್ತೆ. ಅದಕ್ಕೆ ಬೇಗ ಕೆಲ್ಸ ಮಾಡೋದು ಏನಾದ್ರೂ ಇದ್ಯಾ ಅಂತ ಹುಡುಕ್ತಾ ಇದ್ದೆ. ಜಾವೆಜೆಪಾಂಟ್ ಅಂತ ಮೂಗಿಗೆ ಹೊಡ್ಕೊಳ್ಳೋ ಸ್ಪ್ರೇ ಇದೆ, ಅಮೆರಿಕದಲ್ಲಿ ಮಾರ್ಚ್ 2023ರಲ್ಲಿ ಪರ್ಮಿಷನ್ ಸಿಕ್ತು, 15 ನಿಮಿಷಕ್ಕೇ ಕೆಲವ್ರಿಗೆ ನೋವು ಇಳಿಯೋಕೆ ಶುರುವಾಯ್ತು ಅಂತ ಓದಿ ಎಷ್ಟು ಖುಷಿ ಆಯ್ತು ಗೊತ್ತಾ, ಆಮೇಲೆ ಟೆಸ್ಟ್‌ನ ರಿಸಲ್ಟ್ ಓದ್ದೆ. ಸುಮಾರು 1,270 ಜನರ ಮೇಲೆ ಮಾಡಿದಾರೆ, ಎರಡು ಗಂಟೆ ಆದ್ಮೇಲೆ ನೋವು ಪೂರ್ತಿ ಹೋಗಿದ್ದು ಔಷಧಿ ತಗೊಂಡೋರಲ್ಲಿ ನೂರಕ್ಕೆ 24 ಜನಕ್ಕೆ, ಬರೀ ಸುಳ್ಳು ಸ್ಪ್ರೇ ತಗೊಂಡೋರಲ್ಲಿ 15 ಜನಕ್ಕೆ. ಅಂದ್ರೆ ನೂರು ಜನದಲ್ಲಿ ಔಷಧಿಯಿಂದ ಲಾಭ ಆಗಿದ್ದು 9 ಜನಕ್ಕಾ? ಇದನ್ನ ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ಗೊತ್ತಿರೋರು ಯಾರಾದ್ರೂ ಬಿಡಿಸಿ ಹೇಳ್ತೀರಾ.

ರಾತ್ರಿಪಾಳಿ
ಅಕ್ಕ ನಂಗೂ ಸೇಮ್. ಕತ್ಲೆ ರೂಮಲ್ಲಿ ಹಣೆಗೆ ಬಟ್ಟೆ ಬಿಗಿದು ಕಟ್ಕೊಂಡು ಮಲಗೋದು ಒಂದೇ ದಾರಿ ಆಗಿದೆ. ಉತ್ತರ ಬರ್ಲಿ, ನಾನೂ ಓದ್ತೀನಿ.

ಫೈಲ್ ಹಿಡಿದೋಳು
ನಾನು ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಆಗಿ ಕೆಲ್ಸ ಮಾಡಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ.

ಮೈಗ್ರೇನ್ ಔಷಧಿ ಟೆಸ್ಟ್ ಮಾಡೋದು ಆಸ್ಪತ್ರೆ ಬೆಡ್ ಮೇಲೆ ಅಲ್ಲ, ಜನರ ಮನೆಯಲ್ಲಿ. ತಲೆನೋವು ಅಪಾಯಿಂಟ್‌ಮೆಂಟ್ ತಗೊಂಡು ಬರಲ್ವಲ್ಲ. ತಿಂಗಳಿಗೆ 2ರಿಂದ 8 ಅಟ್ಯಾಕ್ ಬರೋರನ್ನ ಆರಿಸ್ತಾರೆ, ಒಂದು ಪ್ಯಾಕೆಟ್ ಕೊಟ್ಟು ಕಳಿಸ್ತಾರೆ, ಅದ್ರಲ್ಲಿ ಔಷಧಿ ಇದ್ಯೋ ಪ್ಲಸೀಬೊ (ಔಷಧಿ ಇಲ್ದ ಸುಳ್ಳು ಡೋಸ್) ಇದ್ಯೋ ಪೇಷೆಂಟ್‌ಗೂ ಗೊತ್ತಿಲ್ಲ ಡಾಕ್ಟರಿಗೂ ಗೊತ್ತಿಲ್ಲ. ನೋವಿಗೆ ನಾಲ್ಕೇ ಅಂಕ, 0 ಅಂದ್ರೆ ನೋವಿಲ್ಲ, 1 ಸಣ್ಣದು, 2 ಮಧ್ಯಮ, 3 ಜೋರು. 2 ಅಥವಾ 3 ಆಗೋವರ್ಗೂ ಪ್ಯಾಕೆಟ್ ಒಡೆಯೋ ಹಂಗಿಲ್ಲ. ಒಡೆಯೋಕೆ ಮುಂಚೆ ವಾಂತಿ ಬಂದಂಗಾಗೋದು, ಬೆಳಕು, ಶಬ್ದ ಈ ಮೂರರಲ್ಲಿ ಇವತ್ತು ನಿಮಗೆ ಹೆಚ್ಚು ಕಾಡ್ತಿರೋದು ಯಾವ್ದು ಅಂತ ಒಂದನ್ನ ಗುರುತು ಹಾಕ್ಬೇಕು. ಆಮೇಲೆ ಔಷಧಿ ತಗೊಂಡು 15 ನಿಮಿಷ, ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಅಂತ ಡೈರಿಲಿ ಅಂಕ ಒತ್ತುತಾ ಹೋಗ್ಬೇಕು. ಕಣ್ಣು ಬಿಡೋಕಾಗದೆ ಮಲಗಿರೋ ಮನುಷ್ಯ ಮೊಬೈಲ್ ಬೆಳಕಲ್ಲಿ ಇದನ್ನ ತುಂಬಿಸ್ತಾನೆ ಅನ್ನೋದು ನೆನಪಿರ್ಲಿ. ನಾವು ಬಳಸೋ ಪ್ರತಿ ಮಾತ್ರೆ ಹಿಂದೆ ಅಂಥ ಸಾವಿರಾರು ಜನ ಇದಾರೆ.

ಈಗ ನಿಮ್ಮ 24ಕ್ಕೆ ಬರೋಣ. 2018ರಲ್ಲಿ ಅಮೆರಿಕದಲ್ಲಿ ಔಷಧಿಗೆ ಪರ್ಮಿಷನ್ ಕೊಡೋ ಎಫ್‌ಡಿಎ ಹೇಳಿದ್ದೇನಂದ್ರೆ ಎರಡು ಗಂಟೆಗೆ ನೋವು ಸೊನ್ನೆ ಆಗ್ಬೇಕು, ಮತ್ತೆ ಹೆಚ್ಚು ಕಾಡ್ತಿದ್ದ ಆ ಒಂದು ತೊಂದ್ರೆನೂ ಹೋಗ್ಬೇಕು, ಎರಡರಲ್ಲೂ ಪ್ಲಸೀಬೊನ ಸೋಲಿಸ್ಬೇಕು ಅಂತ. 3ರಲ್ಲಿ ಇದ್ದೋರು 1ಕ್ಕೆ ಇಳಿದು ಎದ್ದು ಅಡುಗೆ ಮಾಡಿದ್ರೂ ಆ ಲೆಕ್ಕದಲ್ಲಿ ಫೇಲ್. ಅದೇ ಸ್ಪ್ರೇಗೆ 'ನೋವು ಇಳೀತು' ಅನ್ನೋ ಲೆಕ್ಕ ಹಾಕಿದ್ರೆ ಸುಮಾರು 59 ಜನ, ಪ್ಲಸೀಬೊ ಸುಮಾರು 50. ಹೆಚ್ಚು ಕಾಡ್ತಿದ್ದ ತೊಂದ್ರೆ ಹೋಗಿದ್ದು 40 ಜನಕ್ಕೆ, ಪ್ಲಸೀಬೊಲಿ 31.

ಹಾಸನದ ಟೀಚರ್
ಮೇಡಂ ತುಂಬಾ ಥ್ಯಾಂಕ್ಸ್, ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ. ಆದ್ರೆ ಹೆಂಗೆ ಲೆಕ್ಕ ಹಾಕಿದ್ರೂ ವ್ಯತ್ಯಾಸ 9 ಆಗೇ ಉಳೀತಲ್ಲ. 24 ಕಳೆದು 15, 59 ಕಳೆದು 50, 40 ಕಳೆದು 31.

ಫೈಲ್ ಹಿಡಿದೋಳು
ಹೌದು ರೀ, ಉಳಿಯುತ್ತೆ. ನಿಮಗೆ ಸಮಾಧಾನ ಆಗ್ಲಿ ಅಂತ ಅದನ್ನ ಮುಚ್ಚಿಡಲ್ಲ. ಆದ್ರೆ ಒಂದು ಮಾತು, ಆ ಟ್ರಯಲ್‌ನಲ್ಲಿ ಒಬ್ಬೊಬ್ರಿಗೆ ಒಂದೇ ಒಂದು ಅಟ್ಯಾಕ್‌ಗೆ ಒಂದೇ ಡೋಸ್ ಕೊಟ್ಟಿದ್ದು. ಒಬ್ಬರಿಗೆ ಹತ್ತು ಅಟ್ಯಾಕ್‌ಲಿ ಎಷ್ಟು ಸಲ ಕೆಲ್ಸ ಮಾಡುತ್ತೆ ಅಂತ ಆ ನಂಬರ್ ಹೇಳಲ್ಲ. ಎಲ್ರಿಗೂ ಚೂರು ಚೂರು ಲಾಭ ಆಯ್ತಾ, ಇಲ್ಲಾ ಕೆಲವ್ರಿಗೆ ಪೂರ್ತಿ ಆಗಿ ಮಿಕ್ಕೋರಿಗೆ ಏನೂ ಆಗ್ಲಿಲ್ವಾ, ಅದೂ ಗೊತ್ತಾಗಲ್ಲ. ನಿಮ್ಮ ತಲೆಗೆ ಹೆಂಗೆ ಅಂತ ನಿಮ್ಮ ಡೈರಿನೇ ಹೇಳ್ಬೇಕು.

ಧಾರವಾಡ ಪೇಢಾ
ಅಕ್ಕಾರ ನನಗೊಂದು ತಿಳೀವಲ್ದು. ನೋವು 2 ಅಥವಾ 3 ಆಗೂತನಕ ಕಾಯ್ಬೇಕು ಅಂದ್ರಲ್ಲ, ಅದ್ಯಾಕ? ನಮ್ಮ ಡಾಕ್ಟರು ಹೇಳೂದು ಉಲ್ಟಾ ಐತಿ, ಶುರು ಆದ ಕೂಡ್ಲೇ ತೊಗೋ ತಡಾ ಮಾಡಬ್ಯಾಡ ಅಂತಾರ. ನನಗಂತೂ ತಡಾ ಆತಂದ್ರ ತಲಿ ಬಾಚಾಕ ಆಗಂಗಿಲ್ಲ, ಕೂದಲಾ ಮುಟ್ಟಿದ್ರ ನೋವು, ಚಷ್ಮಾ ಹಾಕ್ಕೊಂಡ್ರ ಕಿವಿ ಮ್ಯಾಲೆ ಉರೀತೈತಿ, ಆಮ್ಯಾಲೆ ಯಾವ ಮಾತ್ರಿನೂ ನಡ್ಯಂಗಿಲ್ಲ.

ನರವಿಜ್ಞಾನ ಓದ್ತಿರೋನು
ಧಾರವಾಡದ ಅಣ್ಣ ಹೇಳಿದ್ದು ತುಂಬಾ ಮುಖ್ಯ. ಕೂದಲು ಮುಟ್ಟಿದ್ರೂ ನೋವಾಗೋದಕ್ಕೆ ಅಲೊಡೀನಿಯಾ ಅಂತಾರೆ. ಮೊದ್ಲು ಮೆದುಳಿನ ಪೊರೆಯ ಸುತ್ತ ಇರೋ ನರಗಳು ಕೆರಳಿರ್ತವೆ, ಸ್ವಲ್ಪ ಹೊತ್ತು ಹೋದ್ಮೇಲೆ ಒಳಗಿರೋ ನರಕೋಶಗಳೂ ಕೆರಳಿ ಕೂತ್ಕೊಳ್ತವೆ, ಆಗ ಔಷಧಿ ಹೊರಗಿನ ಬೆಂಕಿ ಆರಿಸಿದ್ರೂ ಒಳಗೆ ಉರೀತಾನೇ ಇರುತ್ತೆ. 2004ರಲ್ಲಿ ಬರ್ಸ್ಟೀನ್ ಅವ್ರ ತಂಡ 31 ಪೇಷೆಂಟ್‌ಗಳ 61 ಅಟ್ಯಾಕ್ ನೋಡಿದ್ರು. ಚರ್ಮ ಹೀಗೆ ಸೂಕ್ಷ್ಮ ಆಗೋಕೆ ಮುಂಚೆ ಟ್ರಿಪ್ಟಾನ್ (ಮೈಗ್ರೇನ್ ಅಟ್ಯಾಕ್ ನಿಲ್ಲಿಸೋಕೆ ಕೊಡೋ ಒಂದು ಗುಂಪಿನ ಔಷಧಿ) ಕೊಟ್ಟಾಗ ನೂರಕ್ಕೆ 93 ಅಟ್ಯಾಕ್‌ನಲ್ಲಿ ನೋವು ಪೂರ್ತಿ ಹೋಯ್ತು, ಆಮೇಲೆ ಕೊಟ್ಟಾಗ 15ರಲ್ಲಿ ಮಾತ್ರ. ಸಣ್ಣ ಸ್ಟಡಿ, ಆದ್ರೆ ನಮ್ಮ ಓಪಿಡಿಲಿ ದಿನಾ ಕೇಳೋ ಮಾತೇ ಇದು.

ಹಾಗಿದ್ರೆ ಟ್ರಯಲ್‌ನಲ್ಲಿ ಯಾಕೆ ಕಾಯಿಸ್ತಾರೆ ಅಂದ್ರೆ, ಸಣ್ಣ ನೋವು ಕೆಲವು ಸಲ ತಾನಾಗೇ ಹೋಗ್ಬಿಡುತ್ತೆ, ಕೆಲವು ಸಲ ಅದು ಮೈಗ್ರೇನೇ ಆಗಿರಲ್ಲ. ಆಗ ಪ್ಲಸೀಬೊ ತಗೊಂಡೋರಿಗೂ ವಾಸಿ ಆದಂಗೆ ಕಾಣುತ್ತೆ, ಔಷಧಿದು ಏನು ತಾನಾಗಿ ಹೋಗಿದ್ದು ಏನು ಗೊತ್ತಾಗಲ್ಲ. ಟೆಸ್ಟ್‌ಗೆ ಅದು ಬೇಕು, ಪೇಷೆಂಟ್‌ಗೆ ಅದು ಬೇಡ. ಅದಕ್ಕೇ ಟೀಚರ್ ಮೇಡಂ, ಆ 24 ಅನ್ನೋದು ಕಷ್ಟದ ಪರೀಕ್ಷೆಯ ಮಾರ್ಕ್ಸ್.

ಬೇಗ ಅನ್ನೋದಕ್ಕೆ ಇನ್ನೊಂದು. ಅಟ್ಯಾಕ್ ಬಂದಾಗ ಹೊಟ್ಟೆ ಕೆಲ್ಸ ನಿಧಾನ ಆಗುತ್ತೆ, ನುಂಗಿದ ಮಾತ್ರೆ ಅಲ್ಲೇ ಕೂತಿರುತ್ತೆ, ಕರುಳಿಗೆ ಇಳಿದ್ರೆ ತಾನೆ ರಕ್ತಕ್ಕೆ ಸೇರೋದು. ಸುಮಾಟ್ರಿಪ್ಟಾನ್ ಮಾತ್ರೆಲಿ ನೂರರಲ್ಲಿ 15 ಭಾಗದಷ್ಟು ಮಾತ್ರ ರಕ್ತಕ್ಕೆ ಸೇರುತ್ತೆ, ಅದೇ ಔಷಧಿ ಚರ್ಮದಡಿ ಇಂಜೆಕ್ಷನ್ ಕೊಟ್ರೆ ಹೆಚ್ಚುಕಮ್ಮಿ ಪೂರ್ತಿ ಸೇರುತ್ತೆ, ಸುಮಾರು 12 ನಿಮಿಷದಲ್ಲಿ ರಕ್ತದಲ್ಲಿ ಅದರ ಪ್ರಮಾಣ ತುದಿ ಮುಟ್ಟುತ್ತೆ. 1991ರಲ್ಲಿ ಬಂದ ಟ್ರಯಲ್‌ನಲ್ಲಿ 600ಕ್ಕೂ ಹೆಚ್ಚು ಜನ ಇದ್ರು, 6 ಮಿಲಿಗ್ರಾಂ ಚುಚ್ಚಿದ ಒಂದು ಗಂಟೆಗೆ ನೂರಕ್ಕೆ 72 ಜನಕ್ಕೆ ನೋವು ಇಳೀತು, ಪ್ಲಸೀಬೊಗೆ 25. ಬೇರೆ ಕಾಲ ಬೇರೆ ಟೆಸ್ಟ್, ಪಕ್ಕಪಕ್ಕ ಇಟ್ಟು ತೂಗೋದು ಸರಿಯಲ್ಲ, ಆದ್ರೂ ಬರೀ ಸ್ಪೀಡ್ ಕೇಳಿದ್ರೆ ಆ ಹಳೇ ಇಂಜೆಕ್ಷನ್ ಇವತ್ತಿಗೂ ಮುಂದಿದೆ ಅಂತ ನನ್ನ ಅಭಿಪ್ರಾಯ. ಆದ್ರೆ ಟ್ರಿಪ್ಟಾನ್‌ಗಳು ರಕ್ತನಾಳ ಕುಗ್ಗಿಸ್ತವೆ, ಹಾರ್ಟ್ ತೊಂದ್ರೆ, ಸ್ಟ್ರೋಕ್ ಆಗಿದ್ದೋರಿಗೆ, ಕಂಟ್ರೋಲ್ ಇಲ್ದ ಬಿಪಿ ಇರೋರಿಗೆ ಕೊಡಂಗಿಲ್ಲ. ಜಾವೆಜೆಪಾಂಟ್ ಗುಂಪಿನ ಔಷಧಿಗಳು ರಕ್ತನಾಳ ಕುಗ್ಗಿಸಲ್ಲ, ಅವುಗಳ ದೊಡ್ಡ ಲಾಭ ಇರೋದು ಅಲ್ಲಿ.

ರಾತ್ರಿಪಾಳಿ
ಡಾಕ್ಟ್ರೇ ನಂಗೆ ನಾಲಿಗೆ ಮೇಲೆ ಕರಗೋ ರಿಜಾಟ್ರಿಪ್ಟಾನ್ ಕೊಟ್ಟಿದಾರೆ, ಅದು ಬಾಯಿಂದಲೇ ರಕ್ತಕ್ಕೆ ಹೋಗುತ್ತೆ ಅದಕ್ಕೆ ಫಾಸ್ಟ್ ಅಲ್ವಾ?

ನರವಿಜ್ಞಾನ ಓದ್ತಿರೋನು
ಇಲ್ಲಪ್ಪ, ಎಲ್ರೂ ಹಂಗೇ ಅನ್ಕೊಂಡಿದಾರೆ. ಕರಗಿದ್ದು ಎಂಜಲ ಜೊತೆ ಹೊಟ್ಟೆಗೇ ಹೋಗ್ಬೇಕು. ಮಾಮೂಲಿ ರಿಜಾಟ್ರಿಪ್ಟಾನ್ ಮಾತ್ರೆ ಒಂದರಿಂದ ಒಂದೂವರೆ ಗಂಟೆಲಿ ರಕ್ತದಲ್ಲಿ ತುದಿ ಮುಟ್ಟಿದ್ರೆ ಕರಗೋದು ಇನ್ನೂ ಸ್ವಲ್ಪ ತಡ. ನೀರು ಬೇಡ, ಬಸ್ಸಲ್ಲೂ ತಗೋಬಹುದು, ವಾಕರಿಕೆ ಇದ್ದಾಗ ನೀರು ಕುಡಿಯೋ ಕಷ್ಟ ಇಲ್ಲ, ಆ ಅನುಕೂಲ ನಿಜ. ಫಾಸ್ಟ್ ಅನ್ನೋದು ನಿಜ ಅಲ್ಲ.

ಕುಂದಾಪುರ ಮೆಡಿಕಲ್
ನಾನು ಇಪ್ಪತ್ತೆರಡು ವರ್ಷದಿಂದ ಮೆಡಿಕಲ್ ಶಾಪ್ ನಡೆಸುವುದು. ಟೆಸ್ಟಿನ ಲೆಕ್ಕ ಎಲ್ಲ ಸರಿ, ಆದ್ರೆ ನನಗೆ ಹೆದರಿಕೆ ಬೇರೆ ಉಂಟು. ನಮ್ಮ ಜನ ಚೀಟಿ ಇಲ್ಲದೆ ಬಂದು 'ಅರೆತಲೆ ಮಾತ್ರೆ ಒಂದು ಸ್ಟ್ರಿಪ್ ಕೊಡಿ' ಅಂತ ಕೇಳುವುದು ಎರ್ಗಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಎಲ್ಲ ಸೇರಿಸಿದ ಮಾತ್ರೆ. ಅದು ನೂರು ವರ್ಷದ ಹಿಂದಿನ ಔಷಧಿ ಮಾರಾಯ್ರೆ, ರೈ ಧಾನ್ಯಕ್ಕೆ ಹಿಡಿಯುವ ಬೂಷ್ಟಿನಿಂದ 1918ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೆಗೆದದ್ದು. ಕೆಲವರಿಗೆ ಒಳ್ಳೆ ಕೆಲಸ ಮಾಡ್ತದೆ, ಇಲ್ಲ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಆದ್ರೆ ಅದು ಕೈಕಾಲಿನ ರಕ್ತನಾಳ ಸಹ ಕುಗ್ಗಿಸ್ತದೆ, ಕ್ಲಾರಿತ್ರೊಮೈಸಿನ್ ಅಂತಹ ಆಂಟಿಬಯೋಟಿಕ್ ಜೊತೆ ತಗೊಂಡ್ರೆ ಬೆರಳಿಗೆ ರಕ್ತ ಹೋಗದ ಹಾಗೆ ಆಗ್ಬಹುದು. ಅದು ತಗೊಂಡ 24 ಗಂಟೆಯ ಒಳಗೆ ಟ್ರಿಪ್ಟಾನ್ ತಗೊಳ್ಳಲಿಕ್ಕೆ ಇಲ್ಲ. ಮತ್ತೆ ಎರ್ಗಟಮಿನ್, ಟ್ರಿಪ್ಟಾನ್, ಈ ಮಿಕ್ಸ್ ಮಾತ್ರೆ ಯಾವುದಾದ್ರೂ ತಿಂಗಳಿಗೆ 10 ದಿನ ಅಥವಾ ಹೆಚ್ಚು, ಬರೀ ಪ್ಯಾರಾಸಿಟಮಾಲ್ ಆದ್ರೆ 15 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ಹೋದ್ರೆ ಮಾತ್ರೆಯೇ ತಲೆನೋವು ತರ್ತದೆ. ವಾರಕ್ಕೆ ಎರಡು ಸ್ಟ್ರಿಪ್ ಒಯ್ಯುವ ಒಬ್ಬರಿಗೆ ನಾನು ಕೊಡುವುದಿಲ್ಲ ಅಂದೆ, ಸಿಟ್ಟು ಮಾಡಿ ಬೇರೆ ಅಂಗಡಿಗೆ ಹೋದ್ರು. ಇವತ್ತಿಗೂ ಬೇಸರ ಉಂಟು, ಕೂತು ಮಾತಾಡಿಸಿ ಡಾಕ್ಟರ ಹತ್ರ ಕಳಿಸ್ಬೇಕಿತ್ತು.

ಹಾಸನದ ಟೀಚರ್
ಶೆಟ್ರೇ ನಿಮ್ಮ ಮಾತು ಓದಿ ಕ್ಯಾಲೆಂಡರ್ ತೆಗೆದು ಎಣಿಸ್ದೆ. ಹೋದ ತಿಂಗಳು 14 ದಿನ ಮಾತ್ರೆ ತಗೊಂಡಿದೀನಿ, ಅದ್ರಲ್ಲಿ 6 ದಿನ ರಿಜಾಟ್ರಿಪ್ಟಾನ್ 10, ಮಿಕ್ಕಿದ್ದು ನೀವು ಹೇಳಿದ ಮಿಕ್ಸ್ ಮಾತ್ರೆ. ಅದ್ರ ಜೊತೆಗೆ ಅಟ್ಯಾಕ್ ಬರ್ದೇ ಇರ್ಲಿ ಅಂತ ದಿನಾ ಪ್ರೊಪ್ರನಲಾಲ್. ಇಪ್ಪತ್ತು ವರ್ಷದಲ್ಲಿ ಯಾರೂ ನನ್ನ ಎಣಿಸು ಅಂತ ಹೇಳಿರ್ಲಿಲ್ಲ.

ನರವಿಜ್ಞಾನ ಓದ್ತಿರೋನು
ಮೇಡಂ ದಯವಿಟ್ಟು ಈ ವಾರನೇ ನಿಮ್ಮ ಡಾಕ್ಟರನ್ನ ನೋಡಿ. ಪ್ರೊಪ್ರನಲಾಲ್ ಜೊತೆ ಇದ್ರೆ ರಿಜಾಟ್ರಿಪ್ಟಾನ್ ರಕ್ತದಲ್ಲಿ ಸುಮಾರು ನೂರಕ್ಕೆ 70ರಷ್ಟು ಹೆಚ್ಚಾಗುತ್ತೆ, ಅದಕ್ಕೇ ಆಗ 10 ಅಲ್ಲ 5 ಮಿಲಿಗ್ರಾಂ ಕೊಡೋದು. ನೀವೇ ನಿಲ್ಲಿಸ್ಬೇಡಿ, ನೀವೇ ಅರ್ಧ ಮಾಡ್ಕೋಬೇಡಿ, ಚೀಟಿಗಳನ್ನೆಲ್ಲ ತಗೊಂಡು ಹೋಗಿ ಮುಂದಿಡಿ. ಮಿಕ್ಸ್ ಮಾತ್ರೆ ಯಾವತ್ತು, ಟ್ರಿಪ್ಟಾನ್ ಯಾವತ್ತು ಅಂತ ತಾರೀಖು ಸಮೇತ ಬರ್ಕೊಂಡು ಹೋಗಿ.

ಕಾಫಿ ಕಣಿವೆ
ನಂಗೆ ಒಂದು ವಿಷಯ ಮನಸ್ಸಿಗೆ ಚುಚ್ತಾ ಇದೆ. ಅಷ್ಟು ನೋವಲ್ಲಿ ಇರೋರಿಗೆ ಪ್ಲಸೀಬೊ ಕೊಡೋದು ಸರಿನಾ? ನಮ್ಮಮ್ಮನಿಗೆ ಮೈಗ್ರೇನ್ ಇತ್ತು, ಅವ್ರು ಗೋಡೆಗೆ ತಲೆ ಚಚ್ಕೊಳ್ಳೋದನ್ನ ನೋಡಿದೀನಿ. ಅಂಥೋರಿಗೆ ಸುಮ್ನೆ ನೀರು ಕೊಟ್ಟು ಎರಡು ಗಂಟೆ ಕಾಯಿಸೋದಾ.

ಫೈಲ್ ಹಿಡಿದೋಳು
ಈ ಪ್ರಶ್ನೆ ನಾನು ಕೆಲ್ಸ ಮಾಡುವಾಗ ನನ್ನನ್ನೂ ಕಾಡಿದೆ. ಪ್ಲಸೀಬೊ ಬರೋ ಸಾಧ್ಯತೆ ಇದೆ ಅಂತ ಮೊದಲೇ ಕನ್ನಡದಲ್ಲಿ ಓದಿ ಹೇಳಿ, ಅರ್ಥ ಆದ್ಮೇಲೆ ಸಹಿ ತಗೋಬೇಕು, ಬೇಡ ಅಂದ್ರೆ ಯಾವಾಗ ಬೇಕಾದ್ರೂ ಬಿಡಬಹುದು. ಎರಡು ಗಂಟೆ ಆದ್ಮೇಲೆ ಅವ್ರ ಮಾಮೂಲಿ ಔಷಧಿ ತಗೋಬಹುದು. ಅಷ್ಟಿದ್ರೂ ಆ ಎರಡು ಗಂಟೆ ಅವ್ರದ್ದು, ನಮ್ಮದಲ್ಲ. ಒಬ್ಬ ಅಜ್ಜಿ ಫೋನ್ ಮಾಡಿ 'ಇನ್ನೂ ಎಷ್ಟು ನಿಮಿಷ ಮಗಾ' ಅಂತ ಕೇಳಿದ್ದು ಕಿವಿಲಿದೆ. ತಡೆಯೋಕೆ ಆಗ್ತಿಲ್ಲ ಅಂದ್ರೆ ಈಗ್ಲೇ ತಗೊಳ್ಳಿ ಅಜ್ಜಿ, ಡೈರಿ ಹಾಳಾದ್ರೆ ಆಗ್ಲಿ ಅಂದೆ. ಈಗಲೂ ಅದೇ ಹೇಳ್ತೀನಿ.

ಪ್ಲಸೀಬೊ ಬೇಕೇಬೇಕಾ ಅಂದ್ರೆ ಮೈಗ್ರೇನ್‌ಗೆ ಬೇಕು. 2014ರಲ್ಲಿ ಬಂದ ಒಂದು ಸ್ಟಡಿಲಿ 66 ಜನಕ್ಕೆ ಹಲವು ಅಟ್ಯಾಕ್‌ಗಳಿಗೆ ಬೇರೆ ಬೇರೆ ಹೆಸ್ರು ಬರೆದ ಲಕೋಟೆ ಕೊಟ್ರು. ಕೆಲವು ಸಲ ಒಳಗೆ ರಿಜಾಟ್ರಿಪ್ಟಾನ್ ಇಟ್ಟು ಮೇಲೆ ಪ್ಲಸೀಬೊ ಅಂತ ಬರೆದ್ರು, ಕೆಲವು ಸಲ ಉಲ್ಟಾ. ಔಷಧಿ ಅಂತ ಬರೆದ ಪ್ಲಸೀಬೊ, ಪ್ಲಸೀಬೊ ಅಂತ ಬರೆದ ಔಷಧಿ, ಎರಡೂ ನೋವನ್ನ ಹತ್ತಿರ ಹತ್ತಿರ ಒಂದೇ ಥರ ಇಳಿಸಿದ್ವು. ಇದು ಮನಸ್ಸಿನ ಕಾಯಿಲೆ ಅಂತ ಯಾರೂ ಅರ್ಥ ಮಾಡ್ಕೋಬೇಡಿ, ನೋವು ನಿಜ, ಇಳಿದಿದ್ದೂ ನಿಜ. ನಂಬಿಕೆಗೂ ಮೆದುಳಿನ ನೋವಿನ ದಾರಿಗೂ ಸಂಬಂಧ ಇದೆ, ಅಷ್ಟೇ. ಅದನ್ನ ಕಳೆದು ನೋಡದೇ ಇದ್ರೆ ಯಾವ ಔಷಧಿನೂ ಚೆನ್ನಾಗೇ ಕಾಣುತ್ತೆ.

ಇನ್ನೊಂದು ಕಷ್ಟ, ಕಣ್ಣು ಕಟ್ಟಿದ್ರೂ ನಾಲಿಗೆ ಹೇಳಿಬಿಡುತ್ತೆ. ಜಾವೆಜೆಪಾಂಟ್ ಸ್ಪ್ರೇ ತಗೊಂಡೋರಲ್ಲಿ ನೂರಕ್ಕೆ 21 ಜನಕ್ಕೆ ಬಾಯಿ ರುಚಿ ಕೆಟ್ಟಿತ್ತು, ಪ್ಲಸೀಬೊಲಿ 5 ಜನಕ್ಕೆ. ರುಚಿ ಕೆಟ್ಟೋರು ನಂಗೆ ಬಂದಿದ್ದು ನಿಜವಾದ ಔಷಧಿನೇ ಅಂತ ಊಹೆ ಮಾಡ್ಬಹುದು. ಆ 9ನ್ನ ಓದುವಾಗ ಇದನ್ನೂ ಪಕ್ಕದಲ್ಲಿ ಇಟ್ಕೊಳ್ಳಿ ಅಂತೀನಿ.

ಜರ್ಸಿ ಕನ್ನಡತಿ
ನಾನು ಅಮೆರಿಕದಲ್ಲಿ ಇದೀನಿ, ಆ ಸ್ಪ್ರೇ ನಂಗೆ ಬರೆದುಕೊಟ್ಟಿದಾರೆ. ಗಂಟಲ ಹಿಂದೆ ಕಹಿ ಇಳಿಯೋದು ನಿಜ. ಆರು ಸಲ ಬಳಸಿದೀನಿ, ಮೂರು ಸಲ ಅರ್ಧ ಗಂಟೆಯೊಳಗೆ ಹಿಡಿತ ಸಡಿಲ ಆಯ್ತು, ಒಂದು ಸಲ ತಡವಾಗಿ, ಎರಡು ಸಲ ಏನೂ ಆಗ್ಲಿಲ್ಲ. ನಂಗೆ ಟ್ರಿಪ್ಟಾನ್ ಕೊಡೋ ಹಾಗಿಲ್ಲ ಹಾರ್ಟ್ ಕಾರಣಕ್ಕೆ, ಅದಕ್ಕೆ ಈ ಮೂರು ಸಲ ಅನ್ನೋದು ನಂಗೆ ತುಂಬಾ ದೊಡ್ಡದು.

ಮಲೆನಾಡ ಶುಂಠಿ
ನಮ್ಮನೇಲಿ ಅಜ್ಜಿ ಶುಂಠಿ ತೇಯ್ದು ಹಣೆಗೆ ಹಚ್ಚೋರು, ಕಷಾಯನೂ ಕೊಡೋರು. ಶುಂಠಿ ಪುಡಿ ಮಾತ್ರೆಯಷ್ಟೇ ಕೆಲ್ಸ ಮಾಡ್ತು ಅಂತ ಇರಾನ್‌ನಲ್ಲಿ ಟೆಸ್ಟ್ ಮಾಡಿದಾರೆ ಅಂತ ಓದಿದೀನಿ. ಅದ್ರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಫೈಲ್ ಹಿಡಿದೋಳು
ಆ ಟೆಸ್ಟ್ ಇದೆ, 100 ಜನ, ಅರ್ಧ ಜನಕ್ಕೆ ಶುಂಠಿ ಪುಡಿ ಅರ್ಧ ಜನಕ್ಕೆ ಸುಮಾಟ್ರಿಪ್ಟಾನ್. ಆದ್ರೆ ಪ್ಲಸೀಬೊ ಗುಂಪೇ ಇರ್ಲಿಲ್ಲ. ಈಗ ತಾನೆ ಹೇಳಿದ್ನಲ್ಲ, ಮೈಗ್ರೇನ್‌ನಲ್ಲಿ ಪ್ಲಸೀಬೊಗೂ ಎಷ್ಟೋ ಜನಕ್ಕೆ ಇಳಿಯುತ್ತೆ, ಹಾಗಾಗಿ ಎರಡೂ ಸಮ ಬಂತು ಅಂದ್ರೆ ಎರಡೂ ಕೆಲ್ಸ ಮಾಡಿದ್ವು ಅಂತ ಗ್ಯಾರಂಟಿ ಹೇಳಕ್ಕಾಗಲ್ಲ. ಅಜ್ಜಿ ಕಷಾಯ ಬಿಡಿ ಅಂತ ನಾನು ಹೇಳ್ತಿಲ್ಲ, ವಾಕರಿಕೆಗೆ ನಂಗೂ ಅದು ಹಿತ.

ಧಾರವಾಡ ಪೇಢಾ
ಇಷ್ಟೆಲ್ಲಾ ಗೊತ್ತಿದ್ದೂ ಹೊಸ ಔಷಧ ಬರಾಕ ಯಾಕ ಇಷ್ಟ ವರ್ಷ ಹಿಡೀತೈತ್ರೀ?

ನರವಿಜ್ಞಾನ ಓದ್ತಿರೋನು
ಅಣ್ಣ ಅದರ ಕಥೆ ಕೇಳಿದ್ರೆ ಗೊತ್ತಾಗುತ್ತೆ. ಅಟ್ಯಾಕ್ ಸಮಯದಲ್ಲಿ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು ನೋಡಿದಾಗ ಸಿಜಿಆರ್‌ಪಿ ಅನ್ನೋ ಪದಾರ್ಥ ಜಾಸ್ತಿ ಇದೆ ಅಂತ 1990ರಲ್ಲಿ ಗೋಡ್ಸ್‌ಬಿ, ಎಡ್ವಿನ್ಸನ್ ಅನ್ನೋ ವಿಜ್ಞಾನಿಗಳು ತೋರಿಸಿದ್ರು. ಅದನ್ನ ತಡೆಯೋ ಮೊದಲ ಔಷಧಿ ಓಲ್ಸೆಜೆಪಾಂಟ್, 2004ರಲ್ಲಿ ರಿಸಲ್ಟ್ ಬಂತು, ಎರಡು ಗಂಟೆಗೆ ನೂರಕ್ಕೆ 66 ಜನಕ್ಕೆ ನೋವು ಇಳೀತು, ಪ್ಲಸೀಬೊ 27. ಆದ್ರೆ ಅದನ್ನ ರಕ್ತನಾಳಕ್ಕೆ ಚುಚ್ಚಿಯೇ ಕೊಡ್ಬೇಕಿತ್ತು, ಮನೇಲಿ ಯಾರು ಚುಚ್ಕೊಳ್ತಾರೆ. ಆಮೇಲೆ ಮಾತ್ರೆ ರೂಪದಲ್ಲಿ ಟೆಲ್ಕಜೆಪಾಂಟ್ ಬಂತು, ಕೆಲ್ಸ ಮಾಡ್ತು, ಆದ್ರೆ ಅದನ್ನ ದಿನಾ ತಗೊಂಡ ಕೆಲವ್ರಲ್ಲಿ ಲಿವರ್ ಎಂಜೈಮ್ ಏರಿತು (ಲಿವರ್‌ಗೆ ಪೆಟ್ಟಾಗ್ತಿರಬಹುದು ಅನ್ನೋ ಗುರುತು), 2011ರಲ್ಲಿ ಕೈಬಿಟ್ರು. ಡಿಸೆಂಬರ್ 2019ರಲ್ಲಿ ಯುಬ್ರೊಜೆಪಾಂಟ್, 2020ರಲ್ಲಿ ರಿಮೆಜೆಪಾಂಟ್ ಬಂದ್ವು, ಆಮೇಲೆ ಈ ಸ್ಪ್ರೇ. 30 ವರ್ಷ ಆಯ್ತು. ಆ ಟೆಲ್ಕಜೆಪಾಂಟ್ ನಿಲ್ಲಿಸಿದಾಗ ಎಷ್ಟು ಪೇಷೆಂಟ್‌ಗಳಿಗೆ ನಿರಾಸೆ ಆಗಿರ್ಬೇಕು, ಆದ್ರೆ ನಿಲ್ಲಿಸಿದ್ದು ಸರಿ.

ನಮ್ಮ ಕಡೆದೂ ಹೇಳ್ಬಿಡ್ತೀನಿ. ಬೆಂಗಳೂರು ಮತ್ತೆ ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವ್ರು 2,329 ಜನರ ಮನೆಗೇ ಹೋಗಿ ಕೇಳಿದ್ರು, ಒಂದು ವರ್ಷದಲ್ಲಿ ಮೈಗ್ರೇನ್ ಬಂದೋರು ನೂರಕ್ಕೆ 25. ನಾಲ್ಕು ಜನಕ್ಕೆ ಒಬ್ಬರು. ಇಷ್ಟು ಜನ ಇದ್ದೂ ಹೊಸ ಔಷಧಿಗಳ ದೊಡ್ಡ ಟೆಸ್ಟ್‌ಗಳಲ್ಲಿ ನಮ್ಮೋರು ಕಮ್ಮಿ ಅನ್ನೋದು ನಂಗೆ ನಿಜವಾಗ್ಲೂ ಸಂಕಟ. ತಲೆಸ್ನಾನ ಮಾಡಿದ್ರೆ ಅಟ್ಯಾಕ್ ಬರುತ್ತೆ ಅನ್ನೋದನ್ನ 94 ಭಾರತೀಯ ಪೇಷೆಂಟ್‌ಗಳಲ್ಲಿ ನೋಡಿ 2006ರಲ್ಲಿ ಬರೆದವ್ರು ಮುಂಬೈನ ಡಾಕ್ಟರು, ನಮ್ಮ ಹೆಣ್ಮಕ್ಕಳನ್ನ ಕೇಳಿದ್ರೆ ತಾನೆ ಅದು ಗೊತ್ತಾಗೋದು.

ಹಾಸನದ ಟೀಚರ್
ತಲೆಸ್ನಾನ!! ಶುಕ್ರವಾರ ತಲೆಗೆ ನೀರು ಹಾಕ್ಕೊಂಡ್ರೆ ಮಧ್ಯಾಹ್ನ ಗ್ಯಾರಂಟಿ ನಂಗೆ. ಮನೇಲಿ ಹೇಳಿದ್ರೆ ನೆಪ ಅಂತಿದ್ರು.

ರಾತ್ರಿಪಾಳಿ
ಇಲ್ಲಿ ಇಂಥ ಟ್ರಯಲ್ ನಡೀತಿದ್ರೆ ತಿಳ್ಕೊಳ್ಳೋದು ಹೆಂಗೆ, ನಂಗೆ ಸೇರೋ ಮನಸ್ಸಿದೆ.

ಫೈಲ್ ಹಿಡಿದೋಳು
ಸಿಟಿಆರ್‌ಐ ಅಂತ ಸರ್ಕಾರದ ರಿಜಿಸ್ಟ್ರಿ ಇದೆ, 2009ರ ಜೂನ್‌ನಿಂದ ಇಲ್ಲಿ ನಡೆಯೋ ಟ್ರಯಲ್‌ಗಳನ್ನ ಅದ್ರಲ್ಲಿ ದಾಖಲಿಸೋದು ಕಡ್ಡಾಯ, ಮೈಗ್ರೇನ್ ಅಂತ ಹುಡುಕಿ. ಆ ರಿಜಿಸ್ಟ್ರಿ ನಂಬರ್ ಇಲ್ಲದೆ ಯಾರಾದ್ರೂ ಕರೆದ್ರೆ ಹೋಗ್ಬೇಡಿ. ಔಷಧಿಗೆ ದುಡ್ಡು ಕೇಳಿದ್ರೆ ಹೋಗ್ಬೇಡಿ. ಸಹಿ ಹಾಕಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರ್ಲೇಬೇಕು.

ಹಾಸನದ ಟೀಚರ್
ಏಳು ವಾರ ಆದ್ಮೇಲೆ ಬರೀತಿದೀನಿ. ಡಾಕ್ಟರ್ ಎಲ್ಲಾ ಚೀಟಿ ನೋಡಿದ್ರು, ಮಿಕ್ಸ್ ಮಾತ್ರೆ ಪೂರ್ತಿ ನಿಲ್ಲಿಸಿದ್ರು, ರಿಜಾಟ್ರಿಪ್ಟಾನ್ 5 ಮಾಡಿ ಜೊತೆಗೆ ವಾಂತಿ ತಡೆಯೋ ಮಾತ್ರೆ ಕೊಟ್ರು. ಮೊದಲ ಹತ್ತು ದಿನ ನರಕ, ದಿನಾ ತಲೆನೋವು, ಎರಡು ದಿನ ರಜೆ ಹಾಕ್ದೆ, ಹೀಗಾಗುತ್ತೆ ಅಂತ ಮೊದಲೇ ಹೇಳಿದ್ರು ಅದಕ್ಕೆ ತಡ್ಕೊಂಡೆ. ಆಮೇಲೆ ದೊಡ್ಡ ಅಟ್ಯಾಕ್ ಮೂರೇ. ಫೈಲ್ ಮೇಡಂ ಹೇಳಿದ ಹಂಗೇ 0ರಿಂದ 3 ಅಂಕ ಹಾಕಿ ನೋಟ್‌ಬುಕ್‌ನಲ್ಲಿ ಬರ್ದಿದೀನಿ. ಮೊದಲ್ನೇದು ಬೆಳಿಗ್ಗೆ 10.20ಕ್ಕೆ ಶುರು, 10.30ಕ್ಕೆ ತಗೊಂಡೆ, ಆಗ 1 ಇತ್ತು, 12.30ಕ್ಕೆ 0. ಎರಡನೇದು ನಿದ್ದೆಲೇ ಏರಿತ್ತು, ಎದ್ದಾಗಲೇ 3, ಬಾಚಣಿಗೆ ಮುಟ್ಟೋಕಾಗ್ಲಿಲ್ಲ, ಎರಡು ಗಂಟೆ ಆದ್ಮೇಲೂ 3. ಇಂಥ ದಿನಕ್ಕೆ ಇಂಜೆಕ್ಷನ್ ಅಥವಾ ಸ್ಪ್ರೇ ಬೇಕಾ ಅಂತ ಮುಂದಿನ ಸಲ ಕೇಳ್ಬೇಕು ಅಂತ ಕೆಳಗೆ ಗೆರೆ ಎಳೆದಿಟ್ಟಿದೀನಿ. ಮೂರನೇದು ಸ್ಕೂಲಲ್ಲೇ, 2 ಇದ್ದಾಗ ತಗೊಂಡೆ, ಎರಡು ಗಂಟೆಗೆ 1. ಟ್ರಯಲ್ ಲೆಕ್ಕದಲ್ಲಿ ಅದು ಫೇಲ್ ಅಂತ ಗೊತ್ತು. ಆವತ್ತು ಮಧ್ಯಾಹ್ನ ಏಳನೇ ಕ್ಲಾಸಿಗೆ ಭಿನ್ನರಾಶಿ ಪಾಠ ಪೂರ್ತಿ ಮಾಡ್ದೆ.

ಕುಂದಾಪುರ ಮೆಡಿಕಲ್
ತುಂಬಾ ಖುಷಿ ಆಯ್ತು ಮೇಡಂ. ಆ ನೋಟ್‌ಬುಕ್ಕಿನ ಒಂದು ಪುಟ ಫೋಟೋ ತೆಗೆದು ಇಲ್ಲಿ ಹಾಕ್ತೀರಾ? ಅದೇ ಥರ ಗೆರೆ ಹಾಕಿ ಜೆರಾಕ್ಸ್ ಮಾಡಿ ಅಂಗಡಿಯಲ್ಲಿ ಇಡ್ತೇನೆ, ಅರೆತಲೆ ಮಾತ್ರೆ ಕೇಳುವವರಿಗೆ ಒಂದೊಂದು ಕೊಡ್ಲಿಕ್ಕೆ.

ಹಾಸನದ ಟೀಚರ್
ಸಂಜೆ ಹಾಕ್ತೀನಿ ಶೆಟ್ರೇ.